ರಾಜಹಂಸ: ದೊಡ್ಡದು ಅಪ್ಪ, ಚಿಕ್ಕದು ಮರಿ ಅಂದುಕೊಂಡಿದ್ದೆ, ಅಲ್ವಂತೆ!

ಐರೋಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಯಾವುದಾದರೂ ಎರಡು ಹಕ್ಕಿಗಳನ್ನು ಆರಿಸಿಕೊಂಡು ಅವುಗಳ ವರ್ಗೀಕರಣ, ವಾಸಸ್ಥಳ, ಎಷ್ಟು ಅಪಾಯದಲ್ಲಿವೆ ಅನ್ನುವುದನ್ನು ಹೋಲಿಸಿ ಬರೆಯಬೇಕು. ಕ್ಲಾಸಿನಲ್ಲಿ ಅರ್ಧ ಜನ ಕಾಗೆ-ಕೋಗಿಲೆ ಹಿಡಿದಿದ್ದಾರಂತೆ. ಮನೆಯಿಂದ ಹತ್ತು ನಿಮಿಷಕ್ಕೆ ಮುಂಬೈ ಪಕ್ಕದ ಥಾಣೆ ಖಾಡಿ (ನೆಲದೊಳಕ್ಕೆ ಚಾಚಿದ ಸಮುದ್ರದ ನೀರು) ಇರುವಾಗ ನಾವು ರಾಜಹಂಸವನ್ನೇ (ಫ್ಲೆಮಿಂಗೊ) ಬರೆಯೋಣ ಅಂತ ಹುರಿದುಂಬಿಸಿದ್ದು ನಾನೇ. ನಿನ್ನೆ ದೋಣಿಯಲ್ಲಿ ಕರೆದುಕೊಂಡೂ ಹೋದೆ.

ದೋಣಿಯಲ್ಲಿ ಸ್ವಲ್ಪ ಜಾಸ್ತಿ ಮಾತಾಡಿಬಿಟ್ಟೆ. "ನೋಡು ಪುಟ್ಟಿ, ಎತ್ತರ ಇರುವುದು ಅಪ್ಪ-ಅಮ್ಮ, ಗಿಡ್ಡ ಇರುವುದು ಮರಿ" ಅಂದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ ಮೆಲ್ಲಗೆ, "ಕಾಕು, ಅದು ಮರಿ ಅಲ್ಲ, ಬೇರೆಯೇ ಹಕ್ಕಿ" ಅಂತ ಮರಾಠಿಯಲ್ಲಿ ಹೇಳಿದ. ಮಗಳು ನನ್ನ ಮುಖ ನೋಡಿದಳು. ನಾನು ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ನೋಡುತ್ತಾ ಕೂತೆ.

ಈಗ ಹೇಳಿ. ಎರಡೂ ಬೇರೆ ಬೇರೆಯಾ? ಬೇರೆ ಅಂದರೆ ಎಷ್ಟು ಬೇರೆ? ಶುಕ್ರವಾರದೊಳಗೆ ಚಾರ್ಟ್ ಆಗಬೇಕು.

ಡೊಂಬಿವಲಿ ಲೋಕಲ್

ಅಕ್ಕ, ನಾನು ಇಪ್ಪತ್ತು ವರ್ಷದಿಂದ ಐರೋಲಿ ಸೇತುವೆ ದಾಟುತ್ತಿದ್ದೇನೆ. ಇವತ್ತಿನವರೆಗೂ ನಾನೂ ಹಾಗೇ ಅಂದುಕೊಂಡಿದ್ದೆ. ನಿಮ್ಮ ಜೊತೆಗಿದ್ದೇನೆ.

ಕಾಂಡ್ಲಾ ಕಾಕಾ

ತಂಗೀ, ಆ ಹುಡುಗ ಹೇಳಿದ್ದು ಸರಿ. ನಾಚಿಕೆ ಪಡಬೇಡಿ. ನಾನೂ ಶಿವಡಿ ಜೆಟ್ಟಿಯಲ್ಲಿ ಮೊದಲ ಸಲ ನೋಡಿದಾಗ ಎರಡೂ ಒಂದೇ ಅಂತ ತಿಳಿದಿದ್ದವನೇ. ಆಗ ಕೈಯಲ್ಲಿ ದುರ್ಬೀನು ಕೂಡ ಇರಲಿಲ್ಲ.

ಮೊದಲು ಮರಿಯ ವಿಷಯ ಮುಗಿಸುತ್ತೇನೆ. ರಾಜಹಂಸದ ಮರಿ ಗುಲಾಬಿ ಇರುವುದೇ ಇಲ್ಲ. ಬೂದು ಬಣ್ಣ. ಹುಟ್ಟುವಾಗ ಕೊಕ್ಕು ಕೂಡ ನೆಟ್ಟಗಿರುತ್ತದೆ, ಆಮೇಲೆ ಬಾಗುತ್ತದೆ. ಗುಲಾಬಿ ಬಣ್ಣ ಬರುವುದು ತಿನ್ನುವ ಪಾಚಿ, ಸಿಗಡಿಯಂಥ ಸಣ್ಣ ಜೀವಿಗಳಲ್ಲಿರುವ ಕೆರೋಟಿನಾಯ್ಡ್ ಎಂಬ ಬಣ್ಣದಿಂದ. ಗರಿ ಪೂರ್ತಿ ಬಣ್ಣ ತುಂಬಿಕೊಳ್ಳಲು ಎರಡು ಮೂರು ವರ್ಷ ಬೇಕು. ಅಂದಮೇಲೆ ಗಿಡ್ಡಗಿದ್ದು ಗಾಢ ಗುಲಾಬಿ ಇದ್ದರೆ ಅದು ಬೆಳೆದ ಹಕ್ಕಿಯೇ. ಇನ್ನೊಂದು ಮಾತು, ಇವು ನಮ್ಮ ಖಾಡಿಯಲ್ಲಿ ಮೊಟ್ಟೆ ಇಡುವುದಿಲ್ಲ. ನವೆಂಬರ್-ಡಿಸೆಂಬರಿಗೆ ಬಂದು ಮೇ-ಜೂನ್ ತನಕ ತಿಂದುಂಡು ಹೋಗುತ್ತವೆ. ಬಾಣಂತನಕ್ಕೆ ಗುಜರಾತಿನ ಕಛ್‌ನ ರಣ್ (ಉಪ್ಪಿನ ಬಯಲು) ಬೇಕು.

ಈಗ ವರ್ಗೀಕರಣ. ಎರಡೂ ಒಂದೇ ಗಣ, ಫೀನಿಕಾಪ್ಟೆರಿಫಾರ್ಮಿಸ್. ಒಂದೇ ಕುಟುಂಬ, ಫೀನಿಕಾಪ್ಟೆರಿಡೆ. ಜಗತ್ತಿನಲ್ಲಿ ಈ ಕುಟುಂಬದಲ್ಲಿ ಇರುವುದೇ ಆರು ಪ್ರಭೇದ. ನಾಲ್ಕು ಅಮೆರಿಕ ಖಂಡಗಳ ಕಡೆಯವು. ಉಳಿದ ಎರಡೂ ನಮ್ಮ ಖಾಡಿಗೆ ಬರುತ್ತವೆ! ಇವು ಬೇರೆಯಾಗುವುದು ಕುಲದ ಹಂತದಲ್ಲಿ. ದೊಡ್ಡ ರಾಜಹಂಸ ಫೀನಿಕಾಪ್ಟೆರಸ್ ರೋಸಿಯಸ್. ಕಿರಿ ರಾಜಹಂಸ ಫೀನಿಕೊನಯಾಸ್ ಮೈನರ್. ಅಂದರೆ ಅಣ್ಣ-ತಮ್ಮ ಅಲ್ಲ, ದಾಯಾದಿಗಳು ಅನ್ನಿ.

ನೋಡಿ ಗುರುತಿಸಲು ಎತ್ತರ ನಂಬಬೇಡಿ. ಒಂಟಿ ಹಕ್ಕಿ ನಿಂತಿದ್ದರೆ ಎತ್ತರ ಗೊತ್ತಾಗುವುದೇ ಇಲ್ಲ. ಕೊಕ್ಕು ನೋಡಿ. ದೊಡ್ಡದರ ಕೊಕ್ಕು ತಿಳಿ ಗುಲಾಬಿ, ತುದಿ ಮಾತ್ರ ಕಪ್ಪು, ಮಸಿಯಲ್ಲಿ ಅದ್ದಿದ ಹಾಗೆ. ಕಿರಿಯದರ ಕೊಕ್ಕು ಪೂರ್ತಿ ಕಡು ಕೆಂಪು, ದೂರಕ್ಕೆ ಕಪ್ಪೇ ಕಾಣುತ್ತದೆ. ಕಣ್ಣೂ ಬೇರೆ. ದೊಡ್ಡದರದು ತಿಳಿ ಹಳದಿ, ಕಿರಿಯದರದು ಕೆಂಪು. ಮೈಬಣ್ಣ ದೊಡ್ಡದರದು ಬಿಳಿಚು, ಕಿರಿಯದರದು ಗಾಢ. ದೊಡ್ಡದು ಕತ್ತು ಚಾಚಿದರೆ ಐದು ಅಡಿ ಹತ್ತಿರ, ತೂಕ ಎರಡರಿಂದ ನಾಲ್ಕು ಕಿಲೋ. ಕಿರಿಯದು ಮೂರು ಅಡಿ ದಾಟುವುದು ಕಷ್ಟ.

ಮಗ್ಗಿ ಮೇಷ್ಟ್ರು

ಒಂದು ತಕರಾರು. ಇವನ್ನು ರಾಜಹಂಸ ಅಂತ ಕರೆಯುವುದೇ ತಪ್ಪು ಅಂತ ಎಲ್ಲೋ ಓದಿದ್ದೇನೆ. ಹಳೆಯ ಕಾವ್ಯದ ಹಂಸ ಮಾನಸ ಸರೋವರದಿಂದ ಬರುತ್ತದೆ. ಇವು ಎಲ್ಲಿಯ ಮಾನಸ ಸರೋವರ? ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ನಿಜವಾದ ರಾಜಹಂಸ ಅವೇ ಅನ್ನುವವರಿದ್ದಾರೆ.

ಕಾಂಡ್ಲಾ ಕಾಕಾ

ಮೇಷ್ಟ್ರೇ, ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ಫ್ಲೆಮಿಂಗೊಗೆ ರಾಜಹಂಸ ಅಂತ ನಿಂತುಬಿಟ್ಟಿದೆ. ಮರಾಠಿಯವರು ರೋಹಿತ ಅನ್ನುತ್ತಾರೆ, ಅಗ್ನಿಪಂಖ ಅಂತಲೂ ಅನ್ನುತ್ತಾರೆ. ಗುಜರಾತಿಗಳಿಗೆ ಸುರ್ಖಾಬ್. ನನಗೆ ಕೇಳಿದರೆ ಅಗ್ನಿಪಂಖವೇ ಚಂದ. ರೆಕ್ಕೆ ಬಿಚ್ಚಿದಾಗ ಕೆಂಪು ಕಾಣುತ್ತದಲ್ಲ, ಅದನ್ನು ನೋಡಿದವರು ಇಟ್ಟ ಹೆಸರು ಅದು.

ಹೆಬ್ಬಾತಿನ ಮಾತು ಬಂದದ್ದು ಒಳ್ಳೆಯದಾಯಿತು. ಈ ಹಕ್ಕಿಯನ್ನು ಎಲ್ಲಿ ಸೇರಿಸಬೇಕು ಅಂತ ವಿಜ್ಞಾನಿಗಳಿಗೇ ತುಂಬಾ ಕಾಲ ಗೊಂದಲವಿತ್ತು. ಉದ್ದ ಕಾಲು ನೋಡಿದವರು ಕೊಕ್ಕರೆ ಕಡೆಯದು ಅಂದರು. ಕಾಲ್ಬೆರಳ ನಡುವಿನ ಚರ್ಮ ನೋಡಿದವರು ಬಾತುಕೋಳಿ ಕಡೆಯದು ಅಂದರು. ಕಡೆಗೆ ಡಿಎನ್‌ಎ ನೋಡಿದರೆ ಹತ್ತಿರದ ನೆಂಟ ಯಾರು ಗೊತ್ತೇ? ಗುಳುಮುಳುಕ! ನಮ್ಮೂರ ಕೆರೆಯಲ್ಲಿ ಮುಷ್ಟಿಯಷ್ಟು ಗಾತ್ರ ಇಟ್ಟುಕೊಂಡು ಪುಳಕ್ ಅಂತ ಮುಳುಗಿ ಇನ್ನೆಲ್ಲೋ ಏಳುತ್ತದಲ್ಲ, ಅದೇ. ಈ ಎರಡು ಗಣಗಳನ್ನೂ ಸೇರಿಸಿ ಮಿರಾಂಡಾರ್ನಿಥಿಸ್ ಅಂತ ಹೆಸರಿಟ್ಟಿದ್ದಾರೆ, ಅಚ್ಚರಿಯ ಹಕ್ಕಿಗಳು ಅಂತ ಅರ್ಥ. ಮಗಳ ಚಾರ್ಟಿನಲ್ಲಿ ಇದೊಂದು ಸಾಲು ಇರಲೇಬೇಕು.

ಡೊಂಬಿವಲಿ ಲೋಕಲ್

ಗುಳುಮುಳುಕನ ಮದುವೆಗೆ ರಾಜಹಂಸ ಸೋದರಮಾವನಾಗಿ ಬಂದರೆ ಫೋಟೋ ತೆಗೆಯುವವನ ಗತಿ ಏನು.

ಮಾಟುಂಗಾ ಕಾಫಿ

ನನ್ನದೊಂದು ದಡ್ಡ ಪ್ರಶ್ನೆ ಮಾರಾಯ್ರೆ. ಎರಡೂ ಒಂದೇ ಕೆಸರಿನಲ್ಲಿ, ಒಂದೇ ಹೊತ್ತಿಗೆ ತಲೆ ಕೆಳಗೆ ಮಾಡಿ ತಿನ್ನುತ್ತವೆ. ಜಗಳ ಯಾಕೆ ಆಗುವುದಿಲ್ಲ? ನಮ್ಮ ಹೋಟೆಲಿನಲ್ಲಿ ಎರಡು ಗಿರಾಕಿಗಳಿಗೆ ಒಂದೇ ಟೇಬಲ್ ಕೊಟ್ಟರೆ ಮುಖ ಸಿಂಡರಿಸುತ್ತಾರೆ.

ಕಾಂಡ್ಲಾ ಕಾಕಾ

ದಡ್ಡ ಪ್ರಶ್ನೆ ಅಲ್ಲ, ಅಸಲು ಪ್ರಶ್ನೆ ಅದೇ. ಟೇಬಲ್ ಒಂದೇ, ಆರ್ಡರ್ ಬೇರೆ.

ರಾಜಹಂಸ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಿಗೆಯನ್ನು ಪಂಪಿನ ಹಾಗೆ ಆಡಿಸಿ, ನೀರು ಒಳಗೆಳೆದು ಹೊರಗೆ ಬಿಡುತ್ತದೆ. ಕೊಕ್ಕಿನ ಒಳಗೆ ಬಾಚಣಿಗೆ ಹಲ್ಲಿನಂಥ ಸಾಲುಗಳಿವೆ. ಆಹಾರ ಅಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ರಾಜಹಂಸದಲ್ಲಿ ಈ ಸಾಲುಗಳ ನಡುವೆ ಜಾಗ ಜಾಸ್ತಿ. ಅದು ತಲೆಯನ್ನು ಪೂರ್ತಿ ಮುಳುಗಿಸಿ ತಳದ ಕೆಸರು ಕಲಕಿ ಸಣ್ಣ ಸಿಗಡಿ, ಹುಳದ ಮರಿ, ಚಿಪ್ಪಿನ ಜೀವಿ, ಬೀಜ ಹಿಡಿಯುತ್ತದೆ. ಕಿರಿ ರಾಜಹಂಸದ ಸಾಲುಗಳು ಬಹಳ ಒತ್ತೊತ್ತು. ಅದು ನೀರಿನ ಮೇಲ್ಭಾಗದಲ್ಲೇ ಕೊಕ್ಕಾಡಿಸಿ, ಕಣ್ಣಿಗೆ ಕಾಣದಂಥ ನೀಲಿ-ಹಸಿರು ಪಾಚಿ ಸೋಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸ್ಪಿರುಲಿನಾ ಅಂತ ಮಾತ್ರೆ ಸಿಗುತ್ತದಲ್ಲ, ಅದೇ ಜಾತಿಯದ್ದು.

ಮಾಟುಂಗಾ ಕಾಫಿ

ಈಗ ಅರ್ಥ ಆಯ್ತು. ದೊಡ್ಡದು ರವೆ ಜರಡಿ, ಚಿಕ್ಕದು ಮೈದಾ ಜರಡಿ.

ಐರೋಲಿ ಅಮ್ಮ

ಇದನ್ನು ಚಾರ್ಟಿನಲ್ಲಿ ಹಾಕುತ್ತಿದ್ದೇನೆ. ಮಗಳು ಅಡುಗೆಮನೆಯಿಂದ ಎರಡೂ ಜರಡಿ ತಂದು ಪಕ್ಕಪಕ್ಕ ಇಟ್ಟು ಫೋಟೋ ತೆಗೆದಳು.

ಬಾಗಲಕೋಟೆ-ಪುಣೆ

ನಾನು ಪುಣೆಯಿಂದ ರೀ. ನಮ್ಮ ಕಡೆ ಭಿಗವಣ್ ಇದೆಯಲ್ಲ, ಸೋಲಾಪುರ ರಸ್ತೆಯಲ್ಲಿ ನೂರು ಕಿಲೋಮೀಟರ್, ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು. ಪ್ರತಿ ಚಳಿಗಾಲ ಹೋಗುತ್ತೇನೆ. ಕುಂಭಾರಗಾಂವ್‌ನ ಮೀನುಗಾರರೇ ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಕಾಕಾ ಬರೆದದ್ದು ಓದಿ ನನ್ನ ಹಳೇ ಫೋಟೋ ಎಲ್ಲಾ ತೆಗೆದು ಕೊಕ್ಕು ನೋಡಿದೆ. ಎಲ್ಲವೂ ಗುಲಾಬಿ ಕೊಕ್ಕು, ಕಪ್ಪು ತುದಿ. ಒಂದೂ ಕಿರಿಯದು ಇಲ್ಲ! ಯಾಕೆ ರೀ?

ನಮ್ಮೂರ ಆಲಮಟ್ಟಿ ಹಿನ್ನೀರಿಗೂ ಇವು ಬರುತ್ತವೆ. ಊರಿಗೆ ಹೋದಾಗ ನೋಡಿದ್ದೂ ದೊಡ್ಡವೇ.

ಕಾಂಡ್ಲಾ ಕಾಕಾ

ವಾಸಸ್ಥಳದ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಿದ್ದೀರಿ. ದೊಡ್ಡ ರಾಜಹಂಸದ ಹೊಟ್ಟೆಗೆ ಹಲವು ದಾರಿ. ಉಪ್ಪು ನೀರಾಗಲಿ, ಸಿಹಿ ನೀರಾಗಲಿ, ತಳದಲ್ಲಿ ಕೆಸರು, ಅದರಲ್ಲಿ ಹುಳ ಇದ್ದರೆ ಸಾಕು. ಅದಕ್ಕೇ ಉಜನಿಯಂಥ ಸಿಹಿನೀರಿನ ಹಿನ್ನೀರಿಗೂ ಬರುತ್ತದೆ. ಸ್ಪೇನ್, ಫ್ರಾನ್ಸಿನ ಉಪ್ಪಿನ ಹೊಲಗಳಿಂದ ಹಿಡಿದು ಆಫ್ರಿಕಾ, ಇರಾನ್, ಭಾರತದವರೆಗೂ ಅದರ ಓಡಾಟ. ಗುಜರಾತಿನ ರಾಜ್ಯಪಕ್ಷಿಯೂ ಅದೇ.

ಕಿರಿಯದಕ್ಕೆ ಮೈದಾ ಜರಡಿ ಇದೆ ಅಂದೆವಲ್ಲ. ಅದಕ್ಕೆ ಪಾಚಿ ದಟ್ಟವಾಗಿ ಬೆಳೆಯುವ ಉಪ್ಪು ನೀರು, ಸೋಡಾ (ಕ್ಷಾರ) ನೀರು, ಖಾಡಿ ಬೇಕು. ಅದು ಪೂರ್ವ ಆಫ್ರಿಕಾದ ಸೋಡಾ ಸರೋವರಗಳ ಹಕ್ಕಿ. ಆಫ್ರಿಕಾದ ಆಚೆ ಅದು ದೊಡ್ಡ ಸಂಖ್ಯೆಯಲ್ಲಿ ಇರುವುದು ನಮ್ಮ ಪಶ್ಚಿಮ ಭಾರತದಲ್ಲಿ. ಥಾಣೆ ಖಾಡಿಯಲ್ಲಿ ಕಾಣುವ ಗುಂಪಿನಲ್ಲಿ ಬಹುಪಾಲು ಕಿರಿಯವೇ.

ಘಾಟ್ಕೋಪರ್ ಮೂರನೇ ಮಾಳಿಗೆ

ಇಲ್ಲಿ ನನಗೊಂದು ಲೆಕ್ಕ ತಾಳೆ ಆಗುತ್ತಿಲ್ಲ. ಗೂಗಲ್ ಮಾಡಿ ನೋಡಿದೆ. ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ) ಮಾಡುವ ಅಪಾಯದ ಕೆಂಪು ಪಟ್ಟಿಯಲ್ಲಿ ದೊಡ್ಡ ರಾಜಹಂಸಕ್ಕೆ 'ಸದ್ಯಕ್ಕೆ ಆತಂಕವಿಲ್ಲ' ಅಂತಿದೆ. ಕಿರಿಯದಕ್ಕೆ 'ಅಪಾಯದ ಅಂಚಿಗೆ ಹತ್ತಿರ' ಅಂತಿದೆ. ಆದರೆ ಸಂಖ್ಯೆ ನೋಡಿದರೆ ಉಲ್ಟಾ! ಜಗತ್ತಿನಲ್ಲಿ ದೊಡ್ಡವು ಐದೂವರೆಯಿಂದ ಏಳು ಲಕ್ಷದೊಳಗೆ ಅಂತ ಅಂದಾಜು. ಕಿರಿಯವು 22ರಿಂದ 32 ಲಕ್ಷ. ಆರು ಪ್ರಭೇದಗಳಲ್ಲಿ ಜಾಸ್ತಿ ಇರುವುದೇ ಅದು. ನಮ್ಮ ಖಾಡಿಯಲ್ಲೇ ಲೆಕ್ಕ ಲಕ್ಷ ದಾಟಿದ ವರ್ಷಗಳಿವೆ. ಜಾಸ್ತಿ ಇರುವುದು ಅಪಾಯದಲ್ಲಿ, ಕಡಿಮೆ ಇರುವುದು ಆರಾಮ. ಇದು ಯಾವ ನ್ಯಾಯ? ಟೈಪಿಂಗ್ ತಪ್ಪಾ?

ಮಗ್ಗಿ ಮೇಷ್ಟ್ರು

ನಾನೂ ಎರಡು ಸಲ ನೋಡಿದೆ. ತಪ್ಪಲ್ಲ.

ಕಾಂಡ್ಲಾ ಕಾಕಾ

ತಪ್ಪಲ್ಲ. ಮಗಳಿಗೆ ಇದೊಂದು ಅರ್ಥವಾದರೆ ಪ್ರಾಜೆಕ್ಟ್ ಸಾರ್ಥಕ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕೆಂಪು ಪಟ್ಟಿ ಮಾಡುವವರು ತಲೆ ಎಣಿಸಿ ಸುಮ್ಮನಾಗುವುದಿಲ್ಲ. ಸಂಖ್ಯೆ ಇಳಿಯುತ್ತಿದೆಯಾ, ಏರುತ್ತಿದೆಯಾ ನೋಡುತ್ತಾರೆ. ಎಷ್ಟು ಜಾಗದಲ್ಲಿ ಮರಿ ಮಾಡುತ್ತದೆ, ಆ ಜಾಗಗಳ ಗತಿ ಏನು ಅಂತ ನೋಡುತ್ತಾರೆ. ಕಿರಿ ರಾಜಹಂಸ ಸಿಕ್ಕಿಬೀಳುವುದು ಇಲ್ಲೇ. 20 ಲಕ್ಷಕ್ಕೂ ಮೀರಿದ ಹಕ್ಕಿಗಳಿಗೆ ನಿಯಮಿತವಾಗಿ ಮೊಟ್ಟೆ ಇಡುವ ಜಾಗ ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ತಾಂಜಾನಿಯಾದ ನೇಟ್ರಾನ್ ಸರೋವರ, ಬೋಟ್ಸ್ವಾನಾ ಮತ್ತು ನಮೀಬಿಯಾದ ಉಪ್ಪಿನ ಬಯಲುಗಳು, ಈಚಿನವರೆಗೆ ದಕ್ಷಿಣ ಆಫ್ರಿಕಾದ ಒಂದು ಕೆರೆ, ಮತ್ತೆ ನಮ್ಮ ಕಛ್ ರಣ್. ಪೂರ್ವ ಆಫ್ರಿಕಾದ ಹಕ್ಕಿಗಳಂತೂ ಹೆಚ್ಚುಕಮ್ಮಿ ಎಲ್ಲವೂ ನೇಟ್ರಾನ್ ಒಂದನ್ನೇ ನಂಬಿವೆ. ಆ ನೀರು ಚರ್ಮ ಸುಡುವಷ್ಟು ಕ್ಷಾರ. ನರಿ, ಕತ್ತೆಕಿರುಬ ಅಲ್ಲಿಗೆ ಕಾಲಿಡುವುದಿಲ್ಲ. ಅದೇ ಇವಕ್ಕೆ ಕೋಟೆ. ಅದೇ ಸರೋವರದಿಂದ ಸೋಡಾ ಬೂದಿ ತೆಗೆಯುವ ಕಾರ್ಖಾನೆ ಯೋಜನೆ ಒಮ್ಮೆ ಬಂದಿತ್ತು. ದೊಡ್ಡ ಗದ್ದಲವಾಗಿ ನಿಂತಿತು.

ಇನ್ನೂ ಒಂದು. ಇವು ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ, ಕೆಸರಿನ ಗುಪ್ಪೆಯ ಮೇಲೆ. ಮಳೆ ಜಾಸ್ತಿಯಾದರೆ ಗುಪ್ಪೆ ಮುಳುಗುತ್ತದೆ, ಕಡಿಮೆಯಾದರೆ ನೀರು ಬತ್ತಿ ನಾಯಿ-ನರಿಗೆ ದಾರಿಯಾಗುತ್ತದೆ. ಹಾಗಾಗಿ ಎಷ್ಟೋ ವರ್ಷ ಮರಿಯೇ ಆಗುವುದಿಲ್ಲ.

ದೊಡ್ಡ ರಾಜಹಂಸ ಹಾಗಲ್ಲ. ಸಂಖ್ಯೆ ಕಡಿಮೆ ಇದ್ದರೂ ಮರಿ ಮಾಡುವ ಜಾಗ ಹತ್ತಾರು ದೇಶಗಳಲ್ಲಿವೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ. ಒಟ್ಟು ಸಂಖ್ಯೆಯೂ ಏರುತ್ತಿದೆ. ನಮ್ಮ ದೇಶದಲ್ಲಿ ಇದರ ದೊಡ್ಡ ಮರಿತಾಣವೂ ಕಛ್ ರಣ್‌ನಲ್ಲೇ ಇದೆ. ನಮ್ಮ ಮುಂಬೈಯವರೇ ಆದ ಪಕ್ಷಿತಜ್ಞ ಸಲೀಂ ಅಲಿ 1945ರಲ್ಲಿ ಅಲ್ಲಿಗೆ ಹೋಗಿ ನೋಡಿ ಬರೆದಿದ್ದಾರೆ.

ಮಾಟುಂಗಾ ಕಾಫಿ

ನನ್ನ ಭಾಷೆಯಲ್ಲಿ ಹೇಳಲಾ? ಒಬ್ಬನಿಗೆ ಹತ್ತು ಚಿಕ್ಕ ಹೋಟೆಲು. ಇನ್ನೊಬ್ಬನಿಗೆ ಒಂದೇ ದೊಡ್ಡ ಹೋಟೆಲು, ಯಾವಾಗಲೂ ಫುಲ್. ಗಲ್ಲಾಪೆಟ್ಟಿಗೆ ನೋಡಿದರೆ ಎರಡನೆಯವನೇ ಸಾಹುಕಾರ. ಆದರೆ ಆ ಕಟ್ಟಡಕ್ಕೆ ನೋಟಿಸ್ ಬಂತೋ, ಮುಗೀತು. ನನ್ನ ಮಾವನಿಗೆ ಹೀಗೇ ಆಯಿತು.

ಘಾಟ್ಕೋಪರ್ ಮೂರನೇ ಮಾಳಿಗೆ

ಮಾವನ ಉದಾಹರಣೆ ತಲೆಗೆ ಹತ್ತಿತು. ಥ್ಯಾಂಕ್ಸ್. ಮಾವನಿಗೆ ಏನಾಯಿತು ಅಂತ ಕೇಳುವುದಿಲ್ಲ.

ಇವು ನಮ್ಮ ಮೇಲೆಯೇ ಹಾರಿಹೋಗುತ್ತವೆ ಅಂತ ನನಗೆ ಗೊತ್ತಾದದ್ದು ಕೆಟ್ಟ ರೀತಿಯಲ್ಲಿ. 2024ರ ಮೇ 20ರ ರಾತ್ರಿ ನಮ್ಮ ಪಂತನಗರದ ಕಡೆ ಇಳಿಯುತ್ತಿದ್ದ ವಿಮಾನಕ್ಕೆ ಗುಂಪು ಬಡಿಯಿತು. ಮೂವತ್ತಕ್ಕೂ ಜಾಸ್ತಿ ಹಕ್ಕಿ ಸತ್ತವು. ಬೆಳಗ್ಗೆ ಹಾಲು ತರಲು ಹೋದಾಗ ರಸ್ತೆಯಲ್ಲಿ ಗುಲಾಬಿ ಗರಿ ಬಿದ್ದಿತ್ತು. ಅದು ದೊಡ್ಡದಾ, ಕಿರಿಯದಾ ಅಂತ ಆಗ ಯಾರು ನೋಡುತ್ತಾರೆ. ಕಾರಣ ಇದು, ಅದು ಅಂತ ವಾರಗಟ್ಟಲೆ ವಾದ ನಡೆಯಿತು.

ನೆರೂಳ್ ವಾಕಿಂಗ್

ನಮ್ಮ ಕಡೆಯದೂ ಸ್ವಲ್ಪ ಕೇಳಿ. ಉಬ್ಬರದ ಹೊತ್ತಿಗೆ ಖಾಡಿಯ ಕೆಸರೆಲ್ಲ ಮುಳುಗುತ್ತದೆ. ಆಗ ಈ ಹಕ್ಕಿಗಳಿಗೆ ನಿಲ್ಲಲು ಜಾಗ ಬೇಕು. ಅದಕ್ಕೇ ನವಿ ಮುಂಬೈಯ ನೆರೂಳ್, ಸೀವುಡ್ಸ್ ಕಡೆಯ ಆಳವಿಲ್ಲದ ಕೆರೆಗಳಿಗೆ ಬರುತ್ತವೆ. ನಾನು ದಿನಾ ಓಡಾಡುವ, ಡಿಪಿಎಸ್ ಶಾಲೆ ಪಕ್ಕದ ಕೆರೆಗೆ ಉಬ್ಬರದ ನೀರು ಬರುವ ದಾರಿ ಕಟ್ಟಿಹೋಗಿ ಒಂದು ಬೇಸಿಗೆ ನೀರು ಕೊಳೆಯಿತು. ಹಕ್ಕಿ ಬರುವುದು ಕಮ್ಮಿಯಾಯಿತು. ನಾವು ಕೆಲವರು ಅರ್ಜಿ ಹಿಡಿದು ಒಂದು ಕಚೇರಿಗೆ ಹೋದರೆ ಇದು ನಮ್ಮದಲ್ಲ ಅಂದರು. ಅಲ್ಲಿಂದ ಇನ್ನೊಂದಕ್ಕೆ. ಅಲ್ಲಿಯೂ ಅದೇ ಮಾತು. ಖಾಡಿಗೆ ಅಭಯಾರಣ್ಯ ಅಂತ ಬೋರ್ಡ್ ಇತ್ತು, ಉಬ್ಬರದ ಹೊತ್ತು ಹಕ್ಕಿ ನಿಲ್ಲುವ ಕೆರೆಗೆ ಆಗ ಇರಲಿಲ್ಲ ಅಂದರೆ ಏನು ಪ್ರಯೋಜನ, ಅಲ್ವಾ?

ಡೊಂಬಿವಲಿ ಲೋಕಲ್

ಒಂದು ಅಧಿಕಪ್ರಸಂಗ. ಖಾಡಿಯಲ್ಲಿ ಅಷ್ಟು ಪಾಚಿ ಬೆಳೆಯುವುದು ನಮ್ಮ ಗಟಾರದ ನೀರಿನಿಂದ ಅಂತ ಕೇಳಿದ್ದೇನೆ. ಹಾಗಾದರೆ ನಾವು ಗಲೀಜು ಮಾಡಿದ್ದು ಹಕ್ಕಿಗೆ ಒಳ್ಳೆಯದೇ ಆಯಿತಲ್ಲ? ಸುಮ್ನೆ ಬಯ್ಯುತ್ತೀರಿ.

ಕಾಂಡ್ಲಾ ಕಾಕಾ

ಅರ್ಧ ನಿಜ, ಅದಕ್ಕೇ ಅಪಾಯ. 1990ರ ದಶಕದಲ್ಲಿ ಇವು ದೊಡ್ಡ ಗುಂಪಿನಲ್ಲಿ ಮುಂಬೈಗೆ ಬರಲು ಶುರುವಾದಾಗ ತಿಳಿದವರು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಕೊಳಚೆ ನೀರಿನ ಜೊತೆ ಸಾರಜನಕ, ರಂಜಕ ಬರುತ್ತದೆ, ಪಾಚಿ ಕೊಬ್ಬುತ್ತದೆ. ಕಿರಿಯದಕ್ಕೆ ಹಬ್ಬ. ಆದರೆ ಅದೇ ನೀರಿನಲ್ಲಿ ಕಾರ್ಖಾನೆಯ ಲೋಹವೂ ಬರುತ್ತದೆ. ಪಾಚಿ ವಿಪರೀತವಾದರೆ ನೀರಿನ ಆಮ್ಲಜನಕ ಹೋಗುತ್ತದೆ, ತಳದ ಹುಳ ಸಾಯುತ್ತವೆ. ಆಗ ರವೆ ಜರಡಿಯವನಿಗೆ ಉಪವಾಸ. ಕೆಲವು ಪಾಚಿ ವಿಷವೂ ಹೌದು. ನಿಮ್ಮ ಗಟಾರಕ್ಕೆ ಸನ್ಮಾನ ಮಾಡುವುದು ಬೇಡ.

ನೆರೂಳಿನವರ ಮಾತು ನೂರಕ್ಕೆ ನೂರು ಸರಿ. ಥಾಣೆ ಖಾಡಿಯನ್ನು 2015ರಲ್ಲಿ ರಾಜಹಂಸ ಅಭಯಾರಣ್ಯ ಅಂತ ಘೋಷಿಸಿದರು. ಸುಮಾರು 1690 ಹೆಕ್ಟೇರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಂಡ್ಲಾ ಕಾಡು, ಉಳಿದದ್ದು ನೀರು. 2022ರಲ್ಲಿ ರಾಮ್‌ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಆದರೆ ಹಕ್ಕಿಗೆ ಗಡಿಕಲ್ಲು ಗೊತ್ತಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಕೆಲವು ಹಕ್ಕಿಗಳಿಗೆ ಉಪಗ್ರಹದ ಟ್ಯಾಗ್ ಹಾಕಿ ನೋಡಿದ್ದರು. ಇಲ್ಲಿಂದ ಗುಜರಾತಿನ ಭಾವನಗರದ ಕಡೆ ಹೋಗಿ ತಿರುಗಿ ಇದೇ ಖಾಡಿಗೆ ಬಂದದ್ದೂ ಇದೆ. ಅದಕ್ಕೆ ಖಾಡಿ, ನೆರೂಳಿನ ಕೆರೆ, ಭಾವನಗರ, ರಣ್ ಎಲ್ಲಾ ಸೇರಿ ಒಂದು ಮನೆ.

ಬಾಗಲಕೋಟೆ-ಪುಣೆ

ಹಾಗಾದರೆ ನಮ್ಮ ಆಲಮಟ್ಟಿ ಆ ಮನೆಯ ಹಿತ್ತಲು ಅನ್ನಿ ರೀ.

ಐರೋಲಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಾರ್ಟ್ ಮುಗಿಯಿತು. ಎಡಕ್ಕೆ ದೊಡ್ಡದು, ಬಲಕ್ಕೆ ಕಿರಿಯದು, ಮಧ್ಯೆ ಗುಳುಮುಳುಕ ನೆಂಟನಾಗಿ ನಿಂತಿದೆ. ಕೆಳಗೆ ಎರಡು ಜರಡಿಯ ಫೋಟೋ. ಅಪಾಯದ ಕಾಲಮ್ಮಿನಲ್ಲಿ ಅವಳೇ ಯೋಚಿಸಿ, ಕಿರಿಯದರ ಕೆಳಗೆ ತುಂಬಾ ಹಕ್ಕಿಗಳನ್ನೂ ಐದೇ ಮನೆಗಳನ್ನೂ ಬರೆದಿದ್ದಾಳೆ. ದೊಡ್ಡದರ ಕೆಳಗೆ ಕಡಿಮೆ ಹಕ್ಕಿ, ಸುಮಾರು ಮನೆ.

ಒಂದೇ ತೊಂದರೆ. ಚಾರ್ಟಿನ ಕೊನೆಗೆ 'ನಾನು ಕಲಿತದ್ದು' ಅಂತ ಒಂದು ಚೌಕ ಇದೆ. ಅದರಲ್ಲಿ "ಅಮ್ಮ ದೋಣಿಯಲ್ಲಿ ಹೇಳಿದ್ದು ತಪ್ಪು" ಅಂತ ಬರೆದಿದ್ದಾಳೆ, ಸ್ಕೆಚ್ ಪೆನ್ನಿನಲ್ಲಿ. ಅಳಿಸಲು ಬರುವುದಿಲ್ಲ.

ಮಾಟುಂಗಾ ಕಾಫಿ

ಇರಲಿ ಬಿಡಿ ಅಕ್ಕ, ಅದಕ್ಕೇ ಮಾರ್ಕ್ಸ್ ಬರುವುದು. ಕಾಕಾ, ಬರುವ ಭಾನುವಾರ ನಾನೂ ಬರುತ್ತೇನೆ. ದೋಣಿ ಎಷ್ಟು ಗಂಟೆಗೆ?

ಕಾಂಡ್ಲಾ ಕಾಕಾ

ಅದನ್ನು ನಾನು ಹೇಳುವುದಲ್ಲ, ಸಮುದ್ರ ಹೇಳಬೇಕು. ನೀರು ಇಳಿದಿದ್ದರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ಶನಿವಾರ ಉಬ್ಬರದ ಹೊತ್ತು ನೋಡಿ ಇಲ್ಲೇ ಹಾಕುತ್ತೇನೆ. ದುರ್ಬೀನು ನನ್ನದು, ಇಡ್ಲಿ-ಚಟ್ನಿ ನಿಮ್ಮದು.